ಚಾಂದ್ಯಾನ ಬಾಯಿಯ ರಕ್ತ

ಸೋಮವಾರ ಮುಂಜಾನೆ, ಇನ್ನೂ ಹಾಲು ಕಾಯಿಸಿ ಇಳಿಸಿರಲಿಲ್ಲ, ಚನ್ನವ್ವ ಒಂದು ಹರಿದ ಧೋತರ ಹಿಡಿದುಕೊಂಡು ಸಕ್ಕುಬಾಯಿಯ ಅಂಗಳಕ್ಕೆ ಬಂದು ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ, ಕೂಡು ಅಂದರೆ ಕೂಡಲಿಲ್ಲ. ಯಡೂರಿನಲ್ಲಿ ಹೀಗೆ ಅಂಗಳದಲ್ಲಿ ನಿಂತೇ ಮಾತು ತೆಗೆಯುವವರು ಒಳ್ಳೆಯದಕ್ಕೆ ಬಂದಿರುವುದಿಲ್ಲ.

“ನಿಮ್ಮ ಚಾಂದ್ಯಾ ನಮ್ಮ ಮನಿಯವ್ರನ್ನ ಕಡದೈತಿ,” ಅಂದಳು ಚನ್ನವ್ವ. “ಹೊಳಿಗೆ ಜಳಕಕ್ಕ ಹೋಗಿದ್ರಂತ. ಬರೂ ಮುಂದ ಉಸುಕಿನ್ಯಾಗ ಹಿಂದಿನಿಂದ ಬಂದು ಮೀನಖಂಡಕ್ಕ ಬಾಯಿ ಹಾಕೇತಿ. ಕುಂಟಕೋತ ಬಂದು ಬಾಗಲಾಗ ಬಿದ್ದಾರ. ಬಾಯಾಗ ಬಂದ ಮೊದಲನೇ ಮಾತು ನಿಮ್ಮ ನಾಯಿ ಹೆಸರು. ನೋಡ್ರಿ, ಧೋತರ ಹ್ಯಾಂಗ ಹರದೈತಿ.”

ಸಕ್ಕುಬಾಯಿ ಧೋತರ ನೋಡಲಿಲ್ಲ. ತನ್ನ ಸೆರಗಿನ ತುದಿ ನೋಡಿಕೊಂಡಳು, ತಟ್ಟನೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸ್ವಲ್ಪ ಹೊತ್ತಿನ ಹಿಂದೆ ಚಾಂದ್ಯಾ ಮಂಜಿನೊಳಗಿನಿಂದ ಓಡಿ ಬಂದಾಗ ಅದರ ಬಾಯಿಗೆ ರಕ್ತ ಹತ್ತಿತ್ತು. ಎಲ್ಲಿಯೋ ಹೆಗ್ಗಣ ಹಿಡಿದಿರಬೇಕು ಅಂದುಕೊಂಡು ಅದೇ ಸೆರಗಿನಿಂದ ಒರೆಸಿದ್ದಳು. ಹೊಟ್ಟೆ, ಕಾಲು ಎಲ್ಲ ಮಸಿ ಬಳಿದಂತೆ ಕರ್ರಗಾಗಿದ್ದವು. ಅದಕ್ಕೂ ನಾಲ್ಕು ಬೈದು, ಬಿಸಿನೀರು ಹಾಕಿ ತಿಕ್ಕಿದ್ದಳು. ಬಿಳಿ ನಾಯಿ, ಹಣೆಯ ಮೇಲೊಂದು ಕಂದು ಬೊಟ್ಟು. ಅದನ್ನು ಬೆಳ್ಳಗೆ ಇಡುವುದೆಂದರೆ ಸಕ್ಕುಬಾಯಿಗೆ ಎಲ್ಲಿಲ್ಲದ ಹಟ.

ಕಟ್ಟೆಯ ಮೇಲೆ ಕಿವಿಗೆ ಮಫ್ಲರ್ ಸುತ್ತಿಕೊಂಡು ಚಹಾ ಕುಡಿಯುತ್ತಿದ್ದ ಶಿವಗಂಗವ್ವ ಕೈ ಚಾಚಿದಳು. “ಧೋತರ ಇಲ್ಲಿ ತಾ, ಚನ್ನವ್ವ.”

ಶಿವಗಂಗವ್ವ ಅಂದರೆ ಸಕ್ಕುಬಾಯಿಯ ಗಂಡ ರಾವಸಾಹೇಬನ ಅಕ್ಕ. ಚಿಕ್ಕೋಡಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಹೆಡ್‌ಮಾಸ್ತರಿಕೆ ಮಾಡಿ, ಪೆನ್ಶನ್ ಹಿಡಿದು ತಮ್ಮನ ಮನೆಗೆ ಬಂದವಳು. ಚಳಿಗಾಲ ಬಂತೆಂದರೆ ಅವಳ ಮೂಗು ಸದಾ ಸೋರುತ್ತಿತ್ತು, ಆದರೆ ಆ ಮೂಗಿಗೆ ಸಿಗದೆ ಉಳಿದ ಗುಟ್ಟು ಊರಿನಲ್ಲಿ ಇರಲಿಲ್ಲ. ಹೊಳೆ ದಂಡೆಯ ಪಂಪಿನ ಸ್ಟಾರ್ಟರ್ ಕದ್ದವನನ್ನು ಪೊಲೀಸರಿಗಿಂತ ಮೊದಲು ಹಿಡಿದುಕೊಟ್ಟವಳು ಅವಳೇ. ಅಂಥ ಪ್ರತಿಯೊಂದು ಪತ್ತೆಗೂ ಸಕ್ಕುಬಾಯಿ ಜೊತೆಗಿರುತ್ತಿದ್ದಳು. ಅಕ್ಕಾರು ಯೋಚನೆ ಮಾಡುವಾಗ ಪಕ್ಕದಲ್ಲಿ ಕೂತು ಸುಮ್ಮನಿರುವುದು ತನ್ನಷ್ಟು ಚೆನ್ನಾಗಿ ಯಾರಿಗೂ ಬರುವುದಿಲ್ಲ ಎಂಬುದು ಅವಳ ಅಭಿಮಾನ.

ಶಿವಗಂಗವ್ವ ಧೋತರವನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡಿದಳು. ಅಂಚಿನಲ್ಲಿ ಗೇಣುದ್ದ ಹರಿದಿತ್ತು. ಮೇಲೆಲ್ಲೂ ಬಟ್ಟೆಗೆ ತೂತಿರಲಿಲ್ಲ. ಅಂಚಿಗೆ ಬೆರಳು ತಿಕ್ಕಿ, ಬೆರಳ ತುದಿಯನ್ನು ನೋಡಿ, ಮಫ್ಲರಿಗೆ ಒರೆಸಿಕೊಂಡು ಧೋತರ ಮರಳಿ ಕೊಟ್ಟಳು.

“ಗಾಯ ಮಾಯಲಿ. ದವಾಖಾನಿಗೆ ಕರಕೊಂಡು ಹೋಗ್ರಿ,” ಅಂದಳು ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರೆಲ್ಲ ಆಡಿತು. ಚನ್ನವ್ವನ ಗಂಡ ವಿರುಪಾಕ್ಷಪ್ಪನೆಂದರೆ ಸಣ್ಣ ಆಸಾಮಿಯಲ್ಲ. ಬಸವಣ್ಣನ ಗುಡಿಯ ಹಿರಿಯ ಪಂಚ, ಮಾತಿಗೆ ತೂಕ ಇದ್ದವನು, ಸಿಟ್ಟಿಗೂ ಅಷ್ಟೇ ತೂಕ. ರಾವಸಾಹೇಬನ ಮನೆಗೂ ಅವನ ಮನೆಗೂ ಹೋದ ವರ್ಷದಿಂದ ಅಷ್ಟಕ್ಕಷ್ಟೇ. ಈ ಕಡೆ ಸೋಮವಾರ ಬಸವಣ್ಣನ ವಾರ, ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವ ಹಾಗಿಲ್ಲ. ಸಕ್ಕರೆ ಕಾರ್ಖಾನೆಯವರ ಗಡಬಡಿಗೆ ರಾವಸಾಹೇಬ ಒಂದು ಸೋಮವಾರ ಕಬ್ಬಿನ ಗಾಡಿ ಹೂಡಿದ. ವಿರುಪಾಕ್ಷಪ್ಪ ಅವನನ್ನು ಗುಡಿಯ ಕಟ್ಟೆಗೆ ಕರೆಸಿ, ಜನರ ಎದುರಿಗೆ ಅವನದೇ ಎತ್ತಿನ ಕಾಲಿಗೆ ಅಡ್ಡಬೀಳಿಸಿದ. ಆ ಸೇಡಿಗೆ ಸಕ್ಕುಬಾಯಿ ನಾಯಿ ಬಿಟ್ಟು ಕಡಿಸಿದ್ದಾಳೆ ಎಂದು ಗಿರಣಿಯ ಪಾಳಿಯಲ್ಲಿ ನಿಂತ ಹೆಂಗಸರು ಪಿಸುಗುಟ್ಟತೊಡಗಿದರು. ನಾಯಿಗೆ ಹುಚ್ಚು ಹಿಡಿದಿದೆ ಎಂದೂ ಕೆಲವರು ಅಂದರು. ಎರಡರಲ್ಲಿ ಯಾವುದಾದರೂ ಮುಗಿಯುವುದು ಒಂದೇ ಕಡೆ.

ಸಂಜೆ ಪಂಚರು ಕೂಡಿ ತೀರ್ಮಾನ ಹೇಳಿದರು. ಬುಧವಾರ ಮಧ್ಯಾಹ್ನ ಐನಾಪುರದ ಭರಮು ನಾಯಿ ಹೊಡೆಯಲು ಬಂದೂಕು ತಗೊಂಡು ಬರುತ್ತಾನೆ, ಅಲ್ಲಿಯವರೆಗೆ ನಾಯಿ ಕಟ್ಟಿಹಾಕಿರಬೇಕು. ರಾವಸಾಹೇಬ ತಲೆ ತಗ್ಗಿಸಿ ಒಪ್ಪಿಕೊಂಡು ಬಂದ.

“ಒಪ್ಪಿ ಬಂದ್ರ್ಯಾ?” ಅಂದಳು ಸಕ್ಕುಬಾಯಿ.

“ಏನ್ ಮಾಡ್ಲಿ? ಊರಾಗ ಇರಬೇಕಲ್ಲ,” ಅಂದ ರಾವಸಾಹೇಬ. ಅವನ ದನಿಯೂ ಸಣ್ಣದಾಗಿತ್ತು. ದಿನಾ ಊಟದ ತಟ್ಟೆಯ ಕಡೆಯ ತುತ್ತು ಅವನೂ ಚಾಂದ್ಯಾನಿಗೇ ಹಾಕುತ್ತಿದ್ದ.

ಸಕ್ಕುಬಾಯಿ ಆ ರಾತ್ರಿ ಊಟ ಮಾಡಲಿಲ್ಲ. ಮಹಾಪೂರ ಬಂದ ವರ್ಷ ಕಬ್ಬಿನ ಒಣಗಿದ ಎಲೆ, ರವದಿಯ ಮೇಲೆ ತೇಲಿಬರುತ್ತಿದ್ದ ಮರಿಯನ್ನು ಮೊಣಕಾಲು ನೀರಿಗಿಳಿದು ಎತ್ತಿಕೊಂಡವಳು ಅವಳು. ಆಗ ಅಂಗೈಯಷ್ಟಿತ್ತು. ಮಕ್ಕಳಿಲ್ಲದ ಮನೆ ಎಂದು ಯಾರಾದರೂ ಅಂದರೆ ಅವಳು ನಕ್ಕು, ನಾಲ್ಕು ಕಾಲಿನದೊಂದು ಐತಲ್ಲ ಎನ್ನುತ್ತಿದ್ದಳು. ಈಗ ಅದು ದನಗಳ ಗೋದಲಿಯ ಗೂಟಕ್ಕೆ ಕಟ್ಟಿಸಿಕೊಂಡು, ಏನು ತಪ್ಪಾಯಿತು ಎಂದು ಕೇಳುವ ಹಾಗೆ ಅವಳನ್ನೇ ನೋಡುತ್ತಿತ್ತು. 

ಸೆರಗಿನ ರಕ್ತದ ಮಾತನ್ನೂ ಹೊಟ್ಟೆಯ ಮಸಿಯ ಮಾತನ್ನೂ ಅಂದೇ ಅಕ್ಕಾರ ಮುಂದೆ ಹೇಳಿದಳು.

“ಮಸಿ?” ಶಿವಗಂಗವ್ವ ಮೂಗು ಒರೆಸುವುದನ್ನು ನಿಲ್ಲಿಸಿದಳು. “ರಾಡಿ ಅಲ್ಲಲಾ?”

“ರಾಡಿ ಆಗಿದ್ರ ಒಂದ ನೀರಿಗೆ ಹೋಗ್ತಿತ್ರಿ. ಮೂರ ಸಲ ಸಾಬೂನು ಹಚ್ಚೇನಿ.”

“ಮುಂಜಾನಿ ನಾವು ದಂಡಿ ಹಿಡದು ಹೊಂಟಿದ್ವಿ. ಮಂಜಿನ್ಯಾಗ ಇದು ತಪ್ಪಿಸಿಕೊಂಡಾಗ ಯಾವ ಕಡೆ ಒದರಿದ್ದು ಕೇಳಿತ್ತು?”

ಸಕ್ಕುಬಾಯಿ ನೆನಪು ಮಾಡಿಕೊಂಡಳು. ಮಂಜು ದಟ್ಟವಾಗಿತ್ತು, ಮುಂದಿನ ಹೆಜ್ಜೆ ಕಾಣುತ್ತಿರಲಿಲ್ಲ. ಚಾಂದ್ಯಾ ಒಮ್ಮೆಲೇ ಕಿವಿ ನಿಮಿರಿಸಿ ಓಡಿತ್ತು. ಆಮೇಲೆ ಜೋರಾಗಿ ಬೊಗಳಿದ್ದು ಕೇಳಿ, ನರಿ ಕಂಡಿರಬೇಕೆಂದು ಇಬ್ಬರೂ ನಕ್ಕಿದ್ದರು. “ಮ್ಯಾಲಿನ ಕಡೇರಿ. ತ್ವಾಟದ ಕಡೆ.”

“ಜಳಕದ ಘಾಟು?”

“ಅದು ಕೆಳಗ, ಗುಡಿ ಕಡೆ,” ಅಂದಳು ಸಕ್ಕುಬಾಯಿ, ತೆರೆದ ಬಾಯಿ ಮುಚ್ಚದೆ.

“ಇಷ್ಟಕ್ಕ ಕುಣೀಬ್ಯಾಡ,” ಅಂದಳು ಶಿವಗಂಗವ್ವ. “ನಾಯಿಗೆ ನಾಕು ಕಾಲು. ಮ್ಯಾಲ ಒದರಿ ಕೆಳಗ ಕಡ್ಯಾಕೂ ಬರತೈತಿ.”

ಮಂಗಳವಾರ ಇಬ್ಬರೂ ವಿರುಪಾಕ್ಷಪ್ಪನನ್ನು ನೋಡಲು ಹೋದರು. ಪಡಸಾಲೆಯಲ್ಲಿ ಅವನು ಕೌದಿ ಹೊದ್ದು ಮಲಗಿದ್ದ. ಆಗಷ್ಟೇ ಚಿಕ್ಕೋಡಿಯ ದವಾಖಾನೆಯಿಂದ ಬಂದಿದ್ದ. ಹೊಕ್ಕಳ ಸುತ್ತ ನಾಯಿ ಕಡಿತದ ಎರಡನೆಯ ಸೂಜಿ ಬಿದ್ದಿತ್ತು, ಇನ್ನೂ ಹನ್ನೆರಡು ಬಾಕಿ ಇದ್ದವು. ಸಕ್ಕುಬಾಯಿ ಜಗಳಕ್ಕೆ ಮೈ ಗಟ್ಟಿಮಾಡಿಕೊಂಡು ಹೋಗಿದ್ದಳು. ಅವನು ಅವಳ ಮುಖವನ್ನೇ ನೋಡಲಿಲ್ಲ.

“ನಾಯಿ ಕೊಲ್ಲೂದು ಬ್ಯಾಡ ಅಂತ ಪಂಚರಿಗೆ ಹೇಳೇನ್ರಿ,” ಅಂದ, ಗೋಡೆಯ ಕಡೆ ನೋಡುತ್ತ. “ಕೇಳವಲ್ರು. ಹುಚ್ಚ ಹಿಡದಿದ್ರ ಊರಿಗೆ ಅಪಾಯ ಅಂತಾರ. ಮೂಕ ಪ್ರಾಣಿ, ಹೋಗ್ಲಿ ಬಿಡ್ರಪಾ ಅಂದೆ.”

ಉಳ್ಳಾಗಡ್ಡಿ ಮಡಿಗೆ ಆಡು ನುಗ್ಗಿತೆಂದು ಕೋರ್ಟಿನ ಮೆಟ್ಟಿಲು ಹತ್ತಿದ ಮನುಷ್ಯ ಇವನೇ ಏನು ಎಂದು ಸಕ್ಕುಬಾಯಿಗೆ ಆಶ್ಚರ್ಯವಾಯಿತು. ಚನ್ನವ್ವ ಚಹಾ ತಂದಳು. ವಿರುಪಾಕ್ಷಪ್ಪ ಎಡಗೈ ಚಾಚಿ ಬಟ್ಟಲು ತೆಗೆದುಕೊಂಡ. ಬಲಗೈ ಕೌದಿಯೊಳಗೇ ಉಳಿಯಿತು.

“ಗಾಯ ನೋಡಬಹುದಾ?” ಅಂದಳು ಶಿವಗಂಗವ್ವ. ಅವನು ಬೇಡ ಅನ್ನುವಷ್ಟರಲ್ಲಿ ಚನ್ನವ್ವ ಅರಿಷಿಣ ಹಚ್ಚುವ ಹೊತ್ತಾಯಿತೆಂದು ಪಟ್ಟಿ ಬಿಚ್ಚಿಯೇಬಿಟ್ಟಳು. ಮೀನಖಂಡದ ಹಿಂಬದಿಗೆ ಮೂರು ತೂತುಗಳು, ಒಂದರ ಕೆಳಗೊಂದು, ಆಳವಾಗಿ. ಮುಂದಿನ ಬದಿ, ಮೊಣಕಾಲಿನಿಂದ ಪಾದದ ಹರಡಿನವರೆಗೆ, ಗೀರು ಕೂಡ ಇರಲಿಲ್ಲ.

ಅಷ್ಟರಲ್ಲಿ ಅವರ ಮನೆಯ ಆಳು ಮಾಯಪ್ಪ ಕೈಚೀಲ ಹಿಡಿದು ಬಂದ. ಪಾಲಬಾವಿಯಲ್ಲಿ ಮಗಳ ಮನೆಯ ತೊಟ್ಟಿಲು ಕಾರ್ಯಕ್ಕೆ ಶನಿವಾರವೇ ಹೋಗಿದ್ದವನು, ಈಗ ಬಸ್ಸಿನಿಂದ ಇಳಿದು ಬರುತ್ತಿದ್ದ. ಮಾಲಕನ ಕಾಲು ನೋಡಿ ಅಲ್ಲೇ ಕೂತು, “ಒಂದ ನಾಕ ದಿನ ಹೋದ್ರ ಹಿಂಗ ಮಾಡ್ಕೊಂಡ್ರ್ಯಾ,” ಎಂದು ಕಣ್ಣು ಒರೆಸಿಕೊಂಡ.

 ಮನೆಯಲ್ಲಿ ರಾವಸಾಹೇಬ ಪಂಪಿನ ಕಡೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. “ನಮ್ಮ ನೀರಿನ ಪಾಳಿ ಮೊದಲ ಬಂತು,” ಅಂದ. “ಇವತ್ತು ವಿರುಪಾಕ್ಷಪ್ಪಂದು ಇತ್ತು. ನಿನ್ನೆನ ಹೇಳಿ ಕಳಿಸಿದ್ನಂತ, ನೀರು ಬ್ಯಾಡ, ಮುಂದಿನವರಿಗೆ ಬಿಡ್ರಿ ಅಂತ. ಅಂವಗ ಹಂತಾ ಹೊತ್ತಿನ್ಯಾಗ ನಾವು ನೀರು ಹಾಯಿಸಿಕೋಳೂದು ನಾಚಿಕಿ ಅನಸ್ತು.”

ಬುಧವಾರ ನಸುಕಿಗೆ ಶಿವಗಂಗವ್ವ ಗೋದಲಿಯ ಹಗ್ಗ ಬಿಚ್ಚಿ ಸಕ್ಕುಬಾಯಿಯ ಕೈಗೆ ಕೊಟ್ಟಳು. “ನಡಿ. ದಿನಾ ಹೋದಾಂಗ ದಂಡಿಗುಂಟ ತಿರಗ್ಯಾಡಿ ಬರೋಣು. ಇವತ್ತು ದಾರಿ ನಾವು ತೋರಸೂದಲ್ಲ, ಅದು ತೋರಸಲಿ.”

ಮತ್ತೆ ಅದೇ ಮಂಜು. ಕೃಷ್ಣೆ ಪಕ್ಕದಲ್ಲಿದ್ದಾಳೆಂದು ತಿಳಿಯುತ್ತಿದ್ದುದು ಪಂಪುಗಳ ಗುಂಯ್ ಸದ್ದಿನಿಂದ, ಹಸಿ ಉಸುಕಿನ ವಾಸನೆಯಿಂದ. ಎಲ್ಲೋ ಬೆಲ್ಲ ಕುದಿಯುತ್ತಿತ್ತು. ಸಕ್ಕುಬಾಯಿಯ ಬೆರಳುಗಳು ಚಳಿಗೆ ಸೆಟೆದಿದ್ದವು, ಆದರೂ ಹಗ್ಗ ಸಡಿಲ ಬಿಡಲಿಲ್ಲ. ಇದೇ ಕಡೆಯ ಸಲವೇನೋ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. ಚಾಂದ್ಯಾನಿಗೆ ಅದಾವುದರ ಪರಿವೆಯೂ ಇರಲಿಲ್ಲ. ಎರಡು ದಿನ ಕಟ್ಟಿಸಿಕೊಂಡಿದ್ದ ಸಂಕಟವೆಲ್ಲ ಮರೆತು, ಕಂಡ ಕಂಡ ಗಿಡಕ್ಕೆ ಕಾಲೆತ್ತುತ್ತ, ನಡುನಡುವೆ ತಿರುಗಿ ಇವಳು ಬರುತ್ತಿದ್ದಾಳೋ ಇಲ್ಲವೋ ಎಂದು ನೋಡುತ್ತ ನಡೆದಿತ್ತು.

ಘಾಟಿನ ಕಡೆಗೆ ಅದು ತಿರುಗಿಯೂ ನೋಡಲಿಲ್ಲ. ದಂಡೆಯ ಏರಿ ಹತ್ತಿ ನೇರವಾಗಿ ವಿರುಪಾಕ್ಷಪ್ಪನ ಹೊಲಕ್ಕೆ ಎಳೆದೊಯ್ದಿತು. ಕಬ್ಬು ಕಟಾವಾಗಿ ವಾರವಾಗಿತ್ತು. ಉಳಿದ ರವದಿಯನ್ನು ಸುಟ್ಟಿದ್ದರು. ಹೊಲವೆಲ್ಲ ಕರ್ರಗೆ ಹಾಸಿದ ಬೂದಿ, ಬೂದಿಯಲ್ಲಿ ಸಾಲು ಸಾಲಾಗಿ ಕಬ್ಬು ಕಡಿದ ಬುಡದ ಚೂಪು ಕುಳೆಗಳು.

“ಇದನ್ನ ಯಾವತ್ತು ಸುಟ್ರು, ಗೊತ್ತೇನು?” ಅಂದಳು ಶಿವಗಂಗವ್ವ.

“ಗೊತ್ತಿರದ ಏನ್ರಿ. ಐತವಾರ ಸಂಜಿಮುಂದ. ಬೂದಿ ಹಾರಿ ಬಂದು ನಾ ಒಣಗ ಹಾಕಿದ್ದ ಶಾವಿಗಿ ಮ್ಯಾಲೆಲ್ಲ ಕೂತಿತ್ತು. ಅಲ್ಲೇ ಅಂಗಳದಾಗ ನಿಂತ ಬೈದೀನಿ.”

ಹೊಲದ ಒಂದು ಬದಿಗೆ ನಾಲ್ಕಾರು ಸಾಲು ಎತ್ತಿನ ರೆಂಟೆ, ಅಂದರೆ ನೇಗಿಲು, ಹೊಡೆದು ಬೋದಿನ ದಿಂಡು ಒಡೆದಿದ್ದರು. ಕಟಾವಾದ ಮೇಲೆ ನೀರು ಬಿಡುವ ಮೊದಲು ಮಾಡುವ ಕೆಲಸ ಅದು. ಕಪ್ಪು ಬೂದಿಯ ಮೇಲೆ ಹಸಿ ಮಣ್ಣು ಮಗುಚಿ ಬಿದ್ದಿತ್ತು. ಚಾಂದ್ಯಾ ಕೊನೆಯ ಸಾಲಿನ ಗುಂಟ ಓಡಿ ಒಂದು ಕಡೆ ನಿಂತು, ಬಾಲ ಅಲ್ಲಾಡಿಸುತ್ತ ನೆಲ ಮೂಸತೊಡಗಿತು. ಅಲ್ಲಿಗೆ ಸಾಲೇ ಮುಗಿದಿತ್ತು, ಹೊಲದ ನಟ್ಟನಡುವೆ.

“ಸಕ್ಕು, ನಾ ಸಾಲಿಯಾಗ ಸೀಮಿಸುಣ್ಣ ಹಿಡದಾಕಿ. ನೀ ಹೇಳು. ಸಾಲು ನಡುವ ಯಾರಾದರ ಬಿಡ್ತಾರೇನು?”

“ಎಂದಾದ್ರೂ ಉಂಟೇನ್ರಿ? ತಲಿ ಮ್ಯಾಲ ಬೆಂಕಿ ಬಿದ್ರೂ ಸಾಲು ಮುಗಿಸಿ, ಒಡ್ಡಿನ ಕಡೆ ಹೋಗೇ ಎತ್ತು ತಿರುಗಸ್ತಾರ.”

ಶಿವಗಂಗವ್ವ ಸೀರೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತಳು. ಸಾಲು ನಿಂತಲ್ಲಿಂದ ಮುಂದೆ ಬೂದಿಯಲ್ಲಿ ಒಂದು ಅಗಲವಾದ ಪಟ್ಟೆ, ಮೂಟೆ ಎಳೆದ ಹಾಗೆ. ಪಟ್ಟೆ ಮುಗಿದ ಕಡೆ ಎತ್ತಿನ ಗೊರಸು ಆಳವಾಗಿ ಊರಿದ್ದವು. ಅವುಗಳ ಎದುರಿಗೆ, ಎತ್ತಿಗೆ ಮುಖ ಮಾಡಿ, ಸಣ್ಣ ಹೆಜ್ಜೆಗಳ ಗಿಜಿಗಿಜಿ. ಅವಳು ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಚಾಂದ್ಯಾನ ತಲೆ ಹಿಡಿದು ಹಣೆಯ ಬೊಟ್ಟಿನ ಮೇಲೆ ಕೈಯಾಡಿಸಿದಳು. ಅಕ್ಕಾರು ನಾಯಿಯನ್ನು ಮುಟ್ಟಿದ್ದನ್ನು ಸಕ್ಕುಬಾಯಿ ನೋಡಿದ್ದು ಅದೇ ಮೊದಲು.

“ಏನ್ ತಿಳೀತ್ರಿ?”

“ಎಲ್ಲಾ ತಿಳೀತು. ಹ್ಯಾಂಗ ಹೇಳೂದು ಅನ್ನೂದಷ್ಟ ತಿಳೀವಲ್ದು,” ಅಂದಳು ಶಿವಗಂಗವ್ವ. “ನಾ ಮಾತಾಡೂ ಮುಂದ ನೀ ನಡುವ ಬಾಯಿ ಹಾಕಬ್ಯಾಡ. ಸಿಟ್ಟು ಬರತೈತಿ, ತಡಕೋ.”

ಮಧ್ಯಾಹ್ನ ವಿರುಪಾಕ್ಷಪ್ಪನ ಪಡಸಾಲೆಯಲ್ಲಿ ಜನ ಕೂಡಿದರು. ನಾಲ್ವರು ಪಂಚರು ಜಮಖಾನೆಯ ಮೇಲೆ, ರಾವಸಾಹೇಬ ಕಂಬಕ್ಕೆ ಆತು, ಮಾಯಪ್ಪ ಹೊಸ್ತಿಲ ಬಳಿ. ಭರಮು ಬಂದೂಕನ್ನು ಮೂಲೆಗಿಟ್ಟು ಎಲೆ ಅಡಿಕೆ ಹಾಕುತ್ತಿದ್ದ. ಆ ಬಂದೂಕಿನ ಕಡೆ ನೋಡಬಾರದೆಂದು ಸಕ್ಕುಬಾಯಿ ಎಷ್ಟು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಚಾಂದ್ಯಾ ಮನೆಯಲ್ಲಿ ಗೋದಲಿಗೆ ಕಟ್ಟಿಸಿಕೊಂಡಿತ್ತು.

“ಗುಂಡು ಹಾರಿಸೂ ಮೊದಲ ನನ್ನದೊಂದೀಟು ಕೇಳ್ರಿ,” ಎಂದು ಶಿವಗಂಗವ್ವ ಸಾಲೆಯಲ್ಲಿ ನಿಂತ ಹಾಗೆಯೇ ಕೈಕಟ್ಟಿ ನಿಂತಳು. “ಮೊದಲನೇದು ಧೋತರ. ಹೊಳಿ ಜಳಕ ಮಾಡಿ ಬರಾವರು ಹರಡಿನ ತನಕ ಧೋತರ ಬಿಟ್ಟುಕೊಂಡು ಬರತಾರ. ನಾಯಿ ಮೀನಖಂಡಕ್ಕ ಬಾಯಿ ಹಾಕಿದ್ರ ಅರಿವ್ಯಾಗೂ ಹಲ್ಲಿನ ತೂತು ಬೀಳಬೇಕು. ಬಿದ್ದಿಲ್ಲ. ಅಂಚಷ್ಟ ಹರದೈತಿ. ಅಂಚಿಗೆ ಹಿಡದು ಯಾರೋ ಜಗ್ಯಾರ.”

“ಜಗ್ಗಿ ಆಮ್ಯಾಲ ಕಡದಿರಬೇಕು,” ಅಂದ ಒಬ್ಬ ಪಂಚ.

“ಇರಲಿ. ಎರಡನೇದು ಗಾಯ. ನಾಯಿಗೆ ಮ್ಯಾಲೊಂದು ದವಡಿ, ಕೆಳಗೊಂದು ದವಡಿ. ಕಡದ್ರ ಕಾಲಿನ ಎರಡೂ ಮಗ್ಗಲಾ ಗುರುತಾಗಬೇಕು. ಇಲ್ಲಿ ಮೂರೂ ತೂತು ಒಂದ ಕಡೆ, ಒಂದ ಸಾಲಿನ್ಯಾಗ. ಚನ್ನವ್ವ, ಬೇಕಾದ್ರ ಪಟ್ಟಿ ಬಿಚ್ಚಿ ತೋರಸು.”

ಯಾರೂ ಬಿಚ್ಚು ಅನ್ನಲಿಲ್ಲ. ಭರಮು ಎಲೆ ಜಗಿಯುವುದನ್ನು ನಿಲ್ಲಿಸಿದ.

“ಮೂರನೇದು ಮಸಿ. ಚಾಂದ್ಯಾ ಮನಿಗೆ ಬಂದಾಗ ಬಾಯಿಗೆ ರಕ್ತ ಇತ್ತು.”

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು.  ಅಕ್ಕಾರು ನಮ್ಮ ಮರ್ಮವನ್ನೇ ಬಿಚ್ಚಿಕೊಟ್ಟರಲ್ಲ ಎಂದು ಅನ್ನಿಸಿ, ಸಕ್ಕುಬಾಯಿ ಬಾಯಿ ತೆರೆಯದಿರಲು ತುಟಿ ಕಚ್ಚಿಕೊಂಡಳು.

“ರಕ್ತ ಇತ್ತು, ನಾ ಮುಚ್ಚಿಡಾಂಗಿಲ್ಲ. ಆದರ ಹೊಟ್ಟಿ ತುಂಬ ಮಸಿನೂ ಇತ್ತು. ಈ ಧೋತರದ ಅಂಚಿಗೂ ಅದ ಮಸಿ. ಘಾಟಿನ ಉಸುಕಿನ್ಯಾಗ ಮಸಿ ಎಲ್ಲಿಂದ ಬರಬೇಕು? ಇವತ್ತು ನಸಕಿನ್ಯಾಗ ನಾಯಿ ಕೈಯಾಗ ಹಗ್ಗ ಕೊಟ್ಟು ಅದರ ಹಿಂದ ಹೋದ್ವಿ. ಅದು ಕರಕೊಂಡು ಹೋಗಿದ್ದು ಇವರ ಕಬ್ಬಿನ ಹೊಲಕ್ಕ. ಅಲ್ಲಿ ರವದಿ ಸುಟ್ಟ ಬೂದಿ ಐತಿ. ಚೂಪನ್ನ ಕುಳಿ ಅದಾವ, ಸಾಲಿಗೆ ಸಾಲು. ಒಬ್ಬ ಮನಷ್ಯಾ ಹಿಂದಕ್ಕ ಬಿದ್ರ ಮೀನಖಂಡಕ್ಕ ಒಂದರ ಕೆಳಗೊಂದು ಚುಚ್ಚತಾವ. ಹೊಲದ ಕೆಲಸಕ್ಕ ಧೋತರ ಮೊಣಕಾಲ ಮ್ಯಾಲ ಕಟ್ಟಿರತಾರ, ಅದಕ ಅರಿವಿಗೆ ತೂತಿಲ್ಲ.”

ವಿರುಪಾಕ್ಷಪ್ಪ ಕೌದಿಯನ್ನು ಎದೆಯವರೆಗೆ ಎಳೆದುಕೊಂಡ.

“ಬಿದ್ದ ಮನಷ್ಯಾನ್ನ ಎತ್ತು ಎಳಕೊಂಡು ಹೋಗ್ಯಾವ. ಬೂದ್ಯಾಗ ಅದರ ಗುರುತು ಇನ್ನೂ ಐತಿ. ಎತ್ತಿನ ಹಗ್ಗ ಮುಂಗೈಗೆ ಸುತ್ತಿಕೊಂಡಿದ್ರ ಹಾಂಗ ಆಗತೈತಿ, ಮುಂಗೈ ಸುಲೀತೈತಿ. ನಿನ್ನೆ ಇವರು ಚಾ ಎಡಗೈಲೆ ತಗೊಂಡ್ರು. ಎಡಗೈಲೆ ಕೊಟ್ಟವರಿಗೆ ಬೈಯೂ ಮನಷ್ಯಾ ಇವರು.” ಶಿವಗಂಗವ್ವ ಮೂಗು ಒರೆಸಿಕೊಂಡಳು. “ಬೆದರಿದ ಎತ್ತು ಎಲ್ಲಿ ನಿಂತ್ವು ಅನ್ನೂದೂ ಐತಿ. ನಿಂತಲ್ಲೆ, ಎತ್ತಿನ ಮಾರಿಗೆ ಮಾರಿ ಕೊಟ್ಟು, ನಾಯಿ ಹೆಜ್ಜಿ ಅದಾವ. ಚಾಂದ್ಯಾ ಕಡದಿಲ್ಲ. ಎತ್ತು ನಿಲ್ಲಿಸೇತಿ. ಗಾಯ ನೆಕ್ಕೇತಿ, ಅದಕ ಬಾಯಿಗೆ ರಕ್ತ. ಏಳು ಅಂತ ಧೋತರ ಜಗ್ಗೇತಿ, ಅದಕ ಅಂಚು ಹರದೈತಿ.”

“ಹಂಗಾದ್ರ ವಿರುಪಾಕ್ಷಪ್ಪ ಯಾಕ ಸುಳ್ಳ ಹೇಳಬೇಕು?” ಅಂದ ಮತ್ತೊಬ್ಬ ಪಂಚ. “ಹೊಲದಾಗ ಬೀಳೂದು ತಪ್ಪೇನು?”

ಶಿವಗಂಗವ್ವ ವಿರುಪಾಕ್ಷಪ್ಪನ ಕಡೆ ನೋಡಿದಳು.  ಸಕ್ಕುಬಾಯಿಗೆ ಆಗ ಹೊಳೆಯಿತು. ಬೂದಿಯ ಮೇಲೆ ಮಣ್ಣು ಬಿದ್ದಿತ್ತು, ಅಂದರೆ ಐತವಾರ ಸಂಜೆಯ ನಂತರ ರೆಂಟೆ ಹೊಡೆದದ್ದು. ಮಂಗಳವಾರ ಮಾಲಕ ಹಾಸಿಗೆಯಲ್ಲಿ, ಆಳು ಬಸ್ಸಿನಲ್ಲಿ. ಉಳಿದದ್ದು ಒಂದೇ ದಿನ. ಆ ದಿನದ ಹೆಸರು ಅವಳ ನಾಲಿಗೆಯ ತುದಿಗೆ ಬಂತು. ಎತ್ತಿನ ಕಾಲಿಗೆ ಬಿದ್ದು ಬಂದ ದಿನ ಗಂಡ ಗೋಡೆಗೆ ಮುಖ ಮಾಡಿ ಮಲಗಿದ್ದೂ ಕಣ್ಣ ಮುಂದೆ ಬಂತು. ಒಂದು ಮಾತು ಸಾಕಿತ್ತು. ಶಿವಗಂಗವ್ವ ಪಕ್ಕಕ್ಕೆ ಬಂದು ಅವಳ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು.

“ಅದನ್ನ ನಾ ಹೇಳಾಂಗಿಲ್ಲ,” ಅಂದಳು ಶಿವಗಂಗವ್ವ. “ಹೇಳಾವರು ಇಲ್ಲೇ ಅದಾರ.”

ವಿರುಪಾಕ್ಷಪ್ಪ ಕೌದಿ ಸರಿಸಿ ಎದ್ದು ಕೂತ. ಬಲಗೈ ಹೊರಗೆ ತೆಗೆದ. ಮುಂಗೈಯ ಸುತ್ತ ತೊಗಲು ಸುಲಿದು ಬಳೆಯಂತೆ ಕೆಂಪಗಾಗಿತ್ತು.

“ಸೋಮವಾರ ಎತ್ತು ಹೂಡೀನಿ,” ಅಂದ. “ಮಾಯಪ್ಪ ಊರಿಗೆ ಹೋಗಿದ್ದ. ಮೊಮ್ಮಗಳ ತೊಟ್ಟಿಲಾ ಐತಿ, ಹೋಗಿ ಬಾ ಅಂತ ನಾನ ಕಳಿಸಿದ್ದೆ. ಮಂಗಳವಾರ ನೀರಿನ ಪಾಳಿ ಬಂತು. ಬೋದು ಒಡೀಲಾರದ ನೀರು ಬಿಟ್ರ ಏನು ಉಪಯೋಗ? ಮಂಜು ಬಿದ್ದೈತಿ, ಯಾರು ನೋಡ್ತಾರ ಅಂದೆ. ತಪ್ಪಾತು ಬಸವಣ್ಣಾ ಅಂತ ಎತ್ತಿನ ಕಿವ್ಯಾಗ ಹೇಳೇ ನೊಗಾ ಇಟ್ಟೆ.”

ಮಾಯಪ್ಪ ಹೊಸ್ತಿಲ ಬಳಿ ತಲೆ ಮೇಲೆ ಕೈ ಹೊತ್ತು ಕೂತ. “ನನಗೊಂದ ಮಾತು ಅಂದಿದ್ರ ಹೋಗ್ತಿದ್ದಿಲ್ಲಲ್ರಿ ಮಾಲಕ್ರ.”

“ಅದಕ್ಕ ಅಂದಿಲ್ಲ,” ಅಂದ ವಿರುಪಾಕ್ಷಪ್ಪ. ದನಿ ಒಡೆಯಿತು. “ಬಿದ್ದಾಗ ಮುಗೀತು ಅಂತ ತಿಳದಿದ್ದೆ. ಎಲ್ಲಿತ್ತೋ ಏನೋ, ಓಡಿ ಬಂದು ಎತ್ತಿನ ಮುಂದ ನಿಂತು ಒದರ್ತು. ಎತ್ತು ನಿಂತ್ವು. ನಾ ಅಳಾಕತ್ತಿದ್ದೆ, ನನ್ನ ಕಾಲು ನೆಕ್ಕಿತು. ಏಳೂ ತನಕ ಜಗ್ಗೂದು ಬಿಡಲಿಲ್ಲ. ಎತ್ತು ಹೊಡಕೊಂಡು ಮನಿಗೆ ಬಂದು ಕಟ್ಟಿ, ಬಾಗಲಾಗ ಬಿದ್ದು, ‘ಚಾಂದ್ಯಾ’ ಅಂದೆ. ಚಾಂದ್ಯಾ ಇರದಿದ್ರ ಸತ್ತಿದ್ದೆ ಅನ್ನಾಂವ ಇದ್ದೆ. ದಮ್ಮ ಹತ್ತಿತ್ತು. ಚನ್ನವ್ವ ರಕ್ತಾ ನೋಡಿ, ‘ಕಡೀತೇನ್ರಿ?’ ಅಂದ್ಲು. ನಾ ಹೂಂ ಅಂದೆ. ಹೂಂ ಅಂದ್ರ ಎಲ್ಲಾ ಮುಚ್ಚಿ ಹೋಗ್ತಿತ್ತು. ಜಳಕದ ಮಾತು ಆಮ್ಯಾಲ ಕಟ್ಟಿದ್ದು.”

ಚನ್ನವ್ವ ಸೆರಗು ಬಾಯಿಗಿಟ್ಟುಕೊಂಡಳು. ವಿರುಪಾಕ್ಷಪ್ಪ ರಾವಸಾಹೇಬನ ಕಡೆ ತಿರುಗಿ ಕೈ ಜೋಡಿಸಿದ. ರಾವಸಾಹೇಬ ಹತ್ತಿರ ಬಂದು, ಆ ಸುಲಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿದ.

“ನಾಳೆ ಸೂಜಿಗೆ ಹೋಗಬ್ಯಾಡ್ರಿ,” ಅಂದಳು ಶಿವಗಂಗವ್ವ. “ಕುಳಿ ಚುಚ್ಚಿದ್ದಕ್ಕ ಬ್ಯಾರೆ ಸೂಜಿ ಐತಿ. ಅದು ಒಂದ ಸಾಕು, ಹೊಕ್ಕಳಕ್ಕೂ ಅಲ್ಲ.” ಭರಮು ಮೊದಲು ನಕ್ಕ. ಆಮೇಲೆ ಪಂಚರೂ ನಕ್ಕರು, ವಿರುಪಾಕ್ಷಪ್ಪನೂ ಕಣ್ಣು ಒರೆಸಿಕೊಂಡು ನಕ್ಕ. ಬಂದೂಕು ಐನಾಪುರದ ಹಾದಿ ಹಿಡಿಯಿತು.

ಸಕ್ಕುಬಾಯಿ ನಗಲಿಲ್ಲ. ಎದ್ದವಳೇ ಮನೆಗೆ ಬಂದಳು. ಹಗ್ಗ ಬಿಚ್ಚಲು ಬಗ್ಗಿದಾಗ ಹಿಂದಿನಿಂದ, “ತಡೀರಿ, ತಂಗಿ,” ಅನ್ನುವ ದನಿ ಕೇಳಿತು. ಮಾಯಪ್ಪನ ಹೆಗಲ ಮೇಲೆ ಕೈ ಹಾಕಿಕೊಂಡು ವಿರುಪಾಕ್ಷಪ್ಪ ಕುಂಟುತ್ತ ಅಂಗಳಕ್ಕೆ ಬಂದಿದ್ದ. “ನನ್ನ ಸಲುವಾಗಿ ಕಟ್ಟಿದ್ದು. ನಾನ ಬಿಚ್ಚತೀನಿ.”

ಅವಳು ಬದಿಗೆ ಸರಿದು ನಿಂತಳು. ಒಂದು ಸಲ ಗುರ್ ಅನ್ನಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಕಡಿಯುವುದು ಬೇಡ, ಹಲ್ಲಾದರೂ ತೋರಿಸಲಿ. ಮೂರು ದಿನ ಕಟ್ಟಿಸಿಕೊಂಡದ್ದಕ್ಕೆ, ಸಾಯಬೇಕಾಗಿದ್ದದ್ದಕ್ಕೆ, ಅಷ್ಟಾದರೂ ಬೇಡವೇ?

ವಿರುಪಾಕ್ಷಪ್ಪ ನೋವಿನ ಕಾಲನ್ನು ಚಾಚಿ ಗೋದಲಿಯ ಬಳಿ ನೆಲಕ್ಕೆ ಕೂತ. ಬಲಗೈ ಸರಿಯಾಗಿ ಆಡದೆ ಗಂಟು ಬಿಚ್ಚಲು ಬಹಳ ಹೊತ್ತಾಯಿತು. ಬಿಚ್ಚುವಷ್ಟರಲ್ಲಿ ಚಾಂದ್ಯಾ ಅವನ ಮಡಿಲಿಗೇ ಮುಂಗಾಲು ಇಟ್ಟು, ಬಾಲ ಬಡಿಯುತ್ತ, ಸುಲಿದ ಮುಂಗೈಯನ್ನು ಸುತ್ತಲೂ ನೆಕ್ಕತೊಡಗಿತು. ಊರಿನ ಹಿರಿಯ ಪಂಚ ಅದರ ಕೊರಳಿಗೆ ಮುಖ ಒತ್ತಿಕೊಂಡು ಸಣ್ಣ ಹುಡುಗರಂತೆ ಬಿಕ್ಕಿ ಬಿಕ್ಕಿ ಅತ್ತ.

“ಇದಕ್ಕ ಮಾನ ಇಲ್ಲ, ಮರ್ಯಾದಿ ಇಲ್ಲ,” ಅಂದಳು ಸಕ್ಕುಬಾಯಿ. “ಸಿಟ್ಟ ಅನ್ನೂದು ಅಗದಿ ಇಲ್ಲ. ಎಂಥಾ ನಾಯಿ ಸಾಕೀನಿ ನಾನು.” ಹೇಳುತ್ತಿದ್ದ ಹಾಗೆಯೇ ಅವಳ ಕಣ್ಣಿನಿಂದ ಧಾರೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಒಳಗೆ ಹೋಗಿ ಎರಡು ಬಿಸಿ ರೊಟ್ಟಿ, ಬೆಣ್ಣೆ ತಂದಳು. ವಿರುಪಾಕ್ಷಪ್ಪ ಕೈ ಚಾಚಿದ. ಅವಳು ಮೊದಲಿನ ರೊಟ್ಟಿಯನ್ನು ನಾಯಿಗೆ ಹಾಕಿದಳು.